ಮೈಯಲ್ಲಿ ಝಿಂಕ್ ಕಡಿಮೆಯಿದೆಯಾ ಅಂತ ತಿಳಿಯಲು ಯಾವ ಟೆಸ್ಟ್ ಮಾಡಿಸಬೇಕು?

ಉಗುರಿನ ಮೇಲೆ ಬಿಳಿ ಚುಕ್ಕೆ ಕಂಡ ಕೂಡಲೇ ಝಿಂಕ್ ಕಡಿಮೆಯಾಗಿದೆ ಅನ್ನುವವರೇ ಜಾಸ್ತಿ. ಅದು ಸಾಮಾನ್ಯವಾಗಿ ಉಗುರಿಗೆ ತಗುಲಿದ ಸಣ್ಣ ಪೆಟ್ಟಿನ ಗುರುತು, ಅಷ್ಟೇ.

ಲ್ಯಾಬಿನಲ್ಲಿ ಮಾಡುವುದು ಸೀರಮ್ (ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ದ್ರವ) ಝಿಂಕ್ ಟೆಸ್ಟ್. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ರಕ್ತ ಕೊಡಿ, ತಿಂಡಿ ತಿಂದ ಮೇಲೆ ಅಂಕಿ ಇಳಿಯುತ್ತದೆ. ಟ್ಯೂಬನ್ನೂ ಸ್ವಲ್ಪ ಗಮನಿಸಿ. ಮಾಮೂಲಿ ಟ್ಯೂಬಿನ ರಬ್ಬರ್ ಮುಚ್ಚಳದಲ್ಲೇ ಝಿಂಕ್ ಇರಬಹುದು. ಅದು ರಕ್ತಕ್ಕೆ ಸೇರಿದರೆ ಕೊರತೆ ಇದ್ದರೂ ರಿಪೋರ್ಟ್ ನಾರ್ಮಲ್ ಬರುತ್ತದೆ. ಇದಕ್ಕೆಂದೇ ಗಾಢ ನೀಲಿ ಮುಚ್ಚಳದ ಟ್ಯೂಬ್ ಇದೆ, ಕೇಳಲು ಸಂಕೋಚ ಬೇಡ. ಡೆಸಿಲೀಟರ್‌ಗೆ ಸುಮಾರು 70 ಮೈಕ್ರೋಗ್ರಾಂಗಿಂತ ಕೆಳಗಿದ್ದರೆ ಕೊರತೆಯ ಅನುಮಾನ.

ಅನುಮಾನ ಅಂದದ್ದು ಸುಮ್ನೆ ಅಲ್ಲ. ನಮ್ಮ ಮೈಯಲ್ಲಿರುವ 2-3 ಗ್ರಾಂ ಝಿಂಕ್‌ನಲ್ಲಿ ಬಹುಪಾಲು ಮಾಂಸಖಂಡ, ಮೂಳೆಗಳಲ್ಲಿರುತ್ತದೆ. ಸೀರಮ್‌ನಲ್ಲಿ ಇರುವುದು ಸುಮಾರು ಶೇ 0.1ರಷ್ಟು ಮಾತ್ರ! ಜ್ವರ, ಸೋಂಕು ಇದ್ದಾಗಲೂ ಅಂಕಿ ಇಳಿಯುತ್ತದೆ. ಹಾಗಾಗಿ ಸಿಆರ್‌ಪಿ (ಮೈಯಲ್ಲಿ ಉರಿಯೂತ ಇದೆಯೇ ಎಂದು ತೋರಿಸುವ ಟೆಸ್ಟ್), ಆಲ್ಬುಮಿನ್ (ರಕ್ತದಲ್ಲಿ ಝಿಂಕ್ ಹೊತ್ತೊಯ್ಯುವ ಪ್ರೋಟೀನ್) ಕೂಡ ಜೊತೆಗೇ ನೋಡಬೇಕು. ಗಾಯ ಬೇಗ ಮಾಯುತ್ತಿಲ್ಲವೇ, ಬಾಯಿಗೆ ರುಚಿ ಹತ್ತುತ್ತಿಲ್ಲವೇ, ಭೇದಿ ಬಹಳ ದಿನದಿಂದ ಇದೆಯೇ ಅಂತ ಡಾಕ್ಟರ್ ಕೇಳುವುದು ಅದಕ್ಕೇ.

ಬಾಯಿಗೆ ಝಿಂಕ್ ದ್ರಾವಣ ಹಾಕಿಕೊಂಡು ರುಚಿ ನೋಡುವ ಟೆಸ್ಟ್ ನಂಬುವಂಥದ್ದಲ್ಲ. ಊಹೆಯ ಮೇಲೆ ಜಾಸ್ತಿ ಡೋಸಿನ ಮಾತ್ರೆ ತಿಂಗಳುಗಟ್ಟಲೆ ನುಂಗಬೇಡಿ, ಮೈಯಲ್ಲಿ ತಾಮ್ರ ಕಡಿಮೆಯಾಗುತ್ತದೆ.