ಪ್ರತಿಕ್ರಿಯೆ: ಆಲ್ಕೋಹಾಲ್ ಇಂಕ್‌ನಲ್ಲಿ ಹೂವು ಕೆಸರಾಗುವುದು ಯಾಕೆ?

ಆಲ್ಕೋಹಾಲ್ ಇಂಕ್‌ನಲ್ಲಿ (ಆಲ್ಕೋಹಾಲ್‌ನಲ್ಲಿ ಕರಗಿಸಿದ ತೆಳು ಬಣ್ಣ) ಚಿತ್ರ ಬಿಡಿಸುವಾಗ, ಗುಲಾಬಿ ಹೂವಿಗೆ ಹಸಿರು ಎಲೆ ಸೇರಿಸಿದ ಕೂಡಲೇ ಎಲ್ಲಾ ಕಂದು ಕೆಸರಾಗುತ್ತದೆ, ದಳಕ್ಕೆ ಅಂಚೇ ಬರುವುದಿಲ್ಲ ಅಂದಿದ್ದೀರಿ. ಚಿಂತೆ ಬೇಡ, ನನ್ನ ಮೊದಲ ಹಾಳೆಗಳೂ ಹಾಗೇ ಹಾಳಾದವು.

ಕೆಂಪು, ಹಸಿರು ಎದುರು ಬಣ್ಣಗಳು ಅಲ್ವಾ? ಹಸಿಯಾಗಿದ್ದಾಗ ಕಲೆತರೆ ಮಣ್ಣಿನ ಬಣ್ಣವೇ ಗತಿ. ಹೂವು ಪೂರ್ತಿ ಒಣಗಿದ ಮೇಲೆ ಎಲೆಗೆ ಕೈ ಹಾಕಿ. ಆದರೂ ನಡುವೆ ಒಂಚೂರು ಬಿಳಿ ಜಾಗ ಬಿಡಿ. ಯಾಕಂದ್ರೆ ಈ ಇಂಕ್ ಒಣಗಿದ ಮೇಲೂ ಆಲ್ಕೋಹಾಲ್ ತಾಗಿದರೆ ಮತ್ತೆ ಕರಗುತ್ತದೆ.

ಇನ್ನು ದಳ. ಯೂಪೋದಂಥ (ಪ್ಲಾಸ್ಟಿಕ್‌ನಿಂದ ಮಾಡಿದ) ಇಂಕ್ ಹೀರದ ಹಾಳೆಯ ಮೇಲೆ ಐಸೊಪ್ರೊಪೈಲ್ ಆಲ್ಕೋಹಾಲ್ ನಾಲ್ಕೈದು ಹನಿ ಹಾಕಿ. ಅದರ ನಡುವೆ ಇಂಕ್ ಒಂದೇ ಒಂದು ಹನಿ. ಜಾಸ್ತಿ ಬೇಡ, ಎಲ್ಲರೂ ಎಡವುವುದು ಇಲ್ಲೇ. ಸ್ಟ್ರಾದಿಂದ ನಡುವಿನಿಂದ ಹೊರಕ್ಕೆ ಮೆಲ್ಲಗೆ ಊದಿ. ಬಣ್ಣ ತೆಳ್ಳಗೆ ಹರಡಿ, ಒಣಗುವಾಗ ತುದಿಯಲ್ಲಿ ಕೂದಲೆಳೆಯಂಥ ಗಾಢ ಗೆರೆ ಕೂರುತ್ತದೆ. ನಿಮಗೆ ಬೇಕಾದ ಅಂಚು ಅದೇ. ಅದನ್ನು ಸರಿಮಾಡಲು ಹೋಗಬೇಡಿ, ಸುಮ್ನೆ ಬಿಟ್ಟುಬಿಡಿ.

ಆಲ್ಕೋಹಾಲ್ 91% ಅಥವಾ ಹೆಚ್ಚಿನದ್ದಿರಲಿ. 70%ರದ್ದರಲ್ಲಿ ನೀರು ಜಾಸ್ತಿ, ನಿಧಾನ ಒಣಗುತ್ತದೆ. ಅಭ್ಯಾಸಕ್ಕೆ ನುಣುಪಾದ ಟೈಲ್ಸ್ ಒಳ್ಳೆಯದು. ಚೆನ್ನಾಗಿ ಬರಲಿಲ್ಲ ಅಂದ್ರೆ ಆಲ್ಕೋಹಾಲ್‌ನಲ್ಲೇ ಒರೆಸಿ ಮತ್ತೆ ಶುರು ಮಾಡಬಹುದು!

ಕಿಟಕಿ ತೆರೆದಿರಲಿ, ಹತ್ತಿರ ಬೆಂಕಿ, ದೀಪ ಬೇಡ. ಮುಗಿದ ಚಿತ್ರವನ್ನು ಬಿಸಿಲು ಬೀಳುವ ಗೋಡೆಗೆ ಹಾಕಬೇಡಿ, ಬಣ್ಣ ಬೇಗ ಮಾಸುತ್ತದೆ. ಮುಂದಿನ ಹೂವಿನ ಫೋಟೋ ಹಾಕಿ, ನೋಡೋಣ.