ಹಳೇ ಕ್ಯಾಮೆರಾ ಪಂಚಾಯ್ತಿ

ಹಳೆಯ ಫಿಲ್ಮ್ ಕ್ಯಾಮೆರಾ, ಲೆನ್ಸುಗಳ ಬಗ್ಗೆ ಏನಾದರೂ ಕೇಳುವುದಿದ್ದರೆ ಬರೆಯಿರಿ ಅಂದಿದ್ದೆವು. ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಒಂದೇ ಮಾತು: "ಇದಕ್ಕೆ ಎಷ್ಟು ಬರುತ್ತೆ?" ಮೊಬೈಲಿನಲ್ಲಿ ತೆಗೆದ ಮಸುಕು ಫೋಟೋ ನೋಡಿ ಬೆಲೆ ಹೇಳುವ ವಿದ್ಯೆ ನನಗಂತೂ ಬರಲ್ಲ. ಉಳಿದವುಗಳಲ್ಲಿ ಕೆಲವನ್ನು ಆರಿಸಿಕೊಂಡಿದ್ದೇನೆ.

ಪ್ರಶ್ನೆ: ಪರಿಚಯದವರೊಬ್ಬರ ಹತ್ತಿರ ಚಿನ್ನದ ಬಣ್ಣದ ಲೈಕಾ ಕ್ಯಾಮೆರಾ ಇದೆ. ಮೇಲೆ ಹದ್ದಿನ ಗುರುತು, ಜೊತೆಗೆ 1936ರ ಬರ್ಲಿನ್ ಒಲಿಂಪಿಕ್ಸ್ ಅಂತ ಕೆತ್ತನೆ. ಮುಂಭಾಗದಲ್ಲಿ ಸಾಲಾಗಿ ಮೂರು ಕಿಟಕಿ. ಒಂದೂವರೆ ಲಕ್ಷ ಕೇಳುತ್ತಿದ್ದಾರೆ. ತಗೊಳ್ಳಲಾ? (ಹುಬ್ಬಳ್ಳಿಯ ಓದುಗರು)

ಉತ್ತರ: ಬೇಡ ಸಾರ್. ಆ ಮೂರು ಕಿಟಕಿಯೇ ಗುಟ್ಟು ಬಿಟ್ಟುಕೊಟ್ಟಿದೆ. ಲೈಕಾದವರು ನಿಜವಾಗಿ ಚಿನ್ನದ ಲೇಪ ಕೊಟ್ಟು ಮಾಡಿದ 'ಲಕ್ಸುಸ್' ಮಾದರಿ ಲೈಕಾ 1ರ ಮೈಮೇಲೆ ತಯಾರಾಗಿದ್ದು, ಅದರಲ್ಲಿ ರೇಂಜ್‌ಫೈಂಡರ್ ಇರಲಿಲ್ಲ. ದೂರ ಅಳೆಯುವ ಆ ಕಿಟಕಿಗಳು ಕ್ಯಾಮೆರಾದೊಳಗೇ ಬಂದಿದ್ದು 1932ರ ಲೈಕಾ 2ರಲ್ಲಿ. ಹಾಗಾದರೆ ನಿಮ್ಮ ಮುಂದಿರುವುದು ಏನು? ಬಹುಪಾಲು ಫೆಡ್ ಇಲ್ಲವೇ ಜೋರ್ಕಿ. ಎರಡೂ ಸೋವಿಯತ್ ಕ್ಯಾಮೆರಾಗಳು, ಎರಡೂ ಲೈಕಾ 2ರ ನಕಲು. ಸೋವಿಯತ್ ಒಕ್ಕೂಟ ಒಡೆದ ಮೇಲೆ ಇವುಗಳ ಹೆಸರು ಉಜ್ಜಿ, ಚಿನ್ನದ ಬಣ್ಣ ಬಳಿದು, ಹದ್ದು ಕೆತ್ತಿ ಪ್ರವಾಸಿಗರಿಗೆ ಮಾರುವುದೇ ಒಂದು ದಂಧೆಯಾಯಿತು. ಹದ್ದು, ಒಲಿಂಪಿಕ್ಸ್, ಜರ್ಮನ್ ವಾಯುಪಡೆಯ ಮುದ್ರೆ ಇವೆಲ್ಲ ಅವರ ಅಚ್ಚುಮೆಚ್ಚಿನ ಅಲಂಕಾರ.

ಇನ್ನೂ ಅನುಮಾನ ಇದ್ದರೆ ಲೆನ್ಸ್ ತಿರುಗಿಸಿ ಬಿಚ್ಚಿ, ಒಳಗೆ ಮೇಲ್ಭಾಗದಲ್ಲಿ ನೋಡಿ. ರೇಂಜ್‌ಫೈಂಡರಿಗೆ ಸೇರಿದ ಒಂದು ಸಣ್ಣ ಕೈ ಇರುತ್ತದೆ. ಅಸಲಿ ಲೈಕಾದಲ್ಲಿ ಅದರ ತುದಿಯಲ್ಲಿ ಗುಂಡನೆಯ ಪುಟ್ಟ ಚಕ್ರ. ಫೆಡ್, ಜೋರ್ಕಿಗಳಲ್ಲಿ ಚಕ್ರ ಇಲ್ಲ, ಚಪ್ಪಟೆ ತುಂಡು. ಮೇಲಿನ ಹೆಸರನ್ನು ಯಾರು ಬೇಕಾದರೂ ಕೆತ್ತಬಹುದು, ಈ ಚಕ್ರದ ಗೋಜಿಗೆ ಸಾಮಾನ್ಯವಾಗಿ ಯಾರೂ ಹೋಗಿರುವುದಿಲ್ಲ.

ನನಗೆ ಬೇಜಾರಾಗುವುದು ಬೇರೆ ವಿಷಯಕ್ಕೆ. ಫೆಡ್ ಕ್ಯಾಮೆರಾದ ಕತೆಯೇ ಎಷ್ಟು ಚೆನ್ನಾಗಿದೆ! ಖಾರ್ಕಿವ್ ಊರಿನಲ್ಲಿ ಮನೆಮಠ ಇಲ್ಲದ ಹುಡುಗರಿಗಾಗಿ ನಡೆಸುತ್ತಿದ್ದ ಕಮ್ಯೂನಿನಲ್ಲಿ, ಆ ಹುಡುಗರ ಕೈಯಲ್ಲೇ, 1934ರಿಂದ ಇವು ತಯಾರಾದವು. ಆ ಕಮ್ಯೂನಿಗೆ ಸೋವಿಯತ್ ರಹಸ್ಯ ಪೊಲೀಸ್ ಪಡೆ ಕಟ್ಟಿದ ಫೆಲಿಕ್ಸ್ ಎಡ್ಮುಂಡೊವಿಚ್ ಜೆರ್ಜಿನ್‌ಸ್ಕಿಯ ಹೆಸರಿತ್ತು, ಆತನ ಹೆಸರಿನ ಮೊದಲಕ್ಷರಗಳೇ ಫೆಡ್. ಅಂಥದ್ದನ್ನು ಉಜ್ಜಿ ಅಳಿಸಿ ಸುಳ್ಳು ಹೆಸರು ಹಾಕಿದ್ದಾರೆ. ಫೆಡ್ ಅಂತಲೇ, ಫೆಡ್ ಬೆಲೆಗೇ ಕೊಟ್ಟರೆ ಖುಷಿಯಾಗಿ ತಗೊಳ್ಳಿ.

ಪ್ರಶ್ನೆ: ಅಜ್ಜನ ಪೆಟ್ಟಿಗೆಯಲ್ಲಿ ಆಗ್ಫಾ ಕ್ಲಿಕ್ 3 ಸಿಕ್ಕಿತು. ಒಳಗೆ ರೋಲ್ ಇರುವ ಹಾಗಿದೆ, ಹಿಂದಿನ ಕೆಂಪು ಕಿಂಡಿಯಲ್ಲಿ 7 ಅಂತ ಕಾಣುತ್ತದೆ. ಊರಿನ ಸ್ಟುಡಿಯೋದಲ್ಲಿ ಈಗ ಇದರ ಫಿಲ್ಮೇ ಬರಲ್ಲ ಅಂದರು. (ಪುತ್ತೂರಿನ ಓದುಗರು)

ಉತ್ತರ: ಮೊದಲು ಒಂದು ಮಾತು. ಮುಚ್ಚಳ ತೆಗೆಯಬೇಡಿ! ನಿಮ್ಮ ಅಜ್ಜ 7ನೇ ಫೋಟೋದ ಹತ್ತಿರ ನಿಲ್ಲಿಸಿದ್ದಾರೆ ಅಂದರೆ ಒಳಗೆ ಐದಾರು ಚಿತ್ರ ಇರಬಹುದು. ಈ ಕ್ಯಾಮೆರಾಕ್ಕೆ ಹಾಕುವುದು 120 ಫಿಲ್ಮ್, ಒಂದು ರೋಲಿಗೆ 12 ಚೌಕದ ಚಿತ್ರ. ಫಿಲ್ಮಿನ ಬೆನ್ನಿಗೆ ಉದ್ದಕ್ಕೂ ಕಾಗದ ಇರುತ್ತದೆ, ಕಿಂಡಿಯಲ್ಲಿ ಕಾಣುವ ನಂಬರು ಆ ಕಾಗದದ ಮೇಲಿನದು. ಗುಬುಟನ್ನು ನಿಧಾನಕ್ಕೆ ತಿರುಗಿಸುತ್ತಾ ಹೋಗಿ. 12 ದಾಟಿ, ಬಿಗಿ ಹೋಗಿ ಸಲೀಸಾಗಿ ತಿರುಗತೊಡಗಿದರೆ ಫಿಲ್ಮ್ ಪೂರ್ತಿ ಸುತ್ತಿಕೊಂಡಿದೆ ಅಂತ ಅರ್ಥ. ಆಮೇಲೆ ಕತ್ತಲ ಕೋಣೆಯಲ್ಲಿ ತೆಗೆದು, ರೋಲ್ ಬಿಚ್ಚಿಕೊಳ್ಳದಂತೆ ಟೇಪ್ ಹಚ್ಚಿ, ಕಪ್ಪು ಕಾಗದದಲ್ಲಿ ಸುತ್ತಿ, ಕಪ್ಪು-ಬಿಳುಪು ಫಿಲ್ಮ್ ತೊಳೆಯುವವರ ಹತ್ತಿರ ಕೊಡಿ. ಎಷ್ಟು ಹಳೆಯದು ಅಂತ ಅವರಿಗೆ ಹೇಳುವುದನ್ನು ಮರೆಯಬೇಡಿ.

ಕಪ್ಪು-ಬಿಳುಪು ಆಗಿದ್ದರೆ ಏನಾದರೂ ಉಳಿದಿರುವ ಆಸೆ ಇದೆ. ಕಲರ್ ಆಗಿದ್ದರೆ ಬಣ್ಣ ಕೆಟ್ಟಿರುತ್ತದೆ, ಅದನ್ನೂ ಕಪ್ಪು-ಬಿಳುಪು ರಾಸಾಯನಿಕದಲ್ಲೇ ತೊಳೆಸಿದರೆ ಮಸುಕಾಗಿಯಾದರೂ ಮುಖಗಳು ಕಾಣಬಹುದು. ಕಾಗದದ ಮೇಲೆ 'ಇಂದು' ಅಂತ ಬರೆದಿದ್ದರೆ ಅದು ಊಟಿಯ ಹಿಂದುಸ್ತಾನ್ ಫೋಟೋ ಫಿಲ್ಮ್ಸ್‌ನ ಮಾಲು, ನಮ್ಮದೇ ಸರ್ಕಾರಿ ಕಾರ್ಖಾನೆಯದು. ನಿಮ್ಮ ಕ್ಯಾಮೆರಾ ಕೂಡ ಇಲ್ಲಿಯದೇ, ಕ್ಲಿಕ್ 3 ಬರೋಡದಲ್ಲಿ ತಯಾರಾಗುತ್ತಿತ್ತು.

ಫಿಲ್ಮ್ ಬರಲ್ಲ ಅನ್ನುವುದು ತಪ್ಪು. 120 ರೋಲನ್ನು ಕೊಡಾಕ್, ಇಲ್‌ಫೋರ್ಡ್ ಈಗಲೂ ಮಾಡುತ್ತಿವೆ. ನಿಂತುಹೋಗಿದ್ದು 620. ಹಳೆಯ ಕೊಡಾಕ್ ಬ್ರೌನಿಗಳಲ್ಲಿ ಹಲವಕ್ಕೆ ಬೇಕಾಗಿದ್ದು ಅದೇ. ತಮಾಷೆ ಅಂದರೆ ಎರಡರ ಫಿಲ್ಮೂ ಅಷ್ಟೇ ಅಗಲ, ಸುರುಳಿಯ ಕಡ್ಡಿ ಮಾತ್ರ ಬೇರೆ. ಕತ್ತಲಲ್ಲಿ ಕೂತು 120ನ್ನು 620 ಕಡ್ಡಿಗೆ ಸುತ್ತಿಕೊಳ್ಳುವವರು ಈಗಲೂ ಇದ್ದಾರೆ, ನಾನೂ ಸುತ್ತಿದ್ದೇನೆ, ಎರಡು ರೋಲ್ ಹಾಳು ಮಾಡಿಕೊಂಡ ಮೇಲೆ ಕೈ ಹತ್ತಿತು.

ಪ್ರಶ್ನೆ: ಲೆನ್ಸ್ ಒಳಗೆ ಜೇಡರ ಬಲೆಯಂಥ ಗೆರೆಗಳು ಬಂದಿವೆ. ಚರ್ಮದ ಕೇಸಿನಲ್ಲಿ ಹಾಕಿ ಬೀರುವಿನಲ್ಲಿ ಜೋಪಾನವಾಗಿಯೇ ಇಟ್ಟಿದ್ದೆ. ಅಕ್ಕಿ ಡಬ್ಬಿಯಲ್ಲಿ ಇಟ್ಟರೆ ಸರಿಹೋಗುತ್ತಾ? (ಮಂಗಳೂರಿನ ಓದುಗರು)

ಉತ್ತರ: ಅಯ್ಯೋ, ಅದೇ ಚರ್ಮದ ಕೇಸು ಮಾಡಿದ ಕೆಲಸ! ನಿಮ್ಮೂರಿನ ಮಳೆಗಾಲದಲ್ಲಿ ಚರ್ಮ ತೇವ ಹೀರಿಕೊಂಡು ಕೂರುತ್ತದೆ, ಕತ್ತಲ ಬೀರು ಬೇರೆ, ಬೂಸ್ಟಿಗೆ ಅದಕ್ಕಿಂತ ಸುಖ ಇನ್ನೇನು ಬೇಕು. ಅಕ್ಕಿ ಬೇಡ, ಅದರ ಹುಡಿ ಲೆನ್ಸಿನ ಸಂದಿಗೆ ಸೇರುತ್ತದೆ. ಅಂಚಿನಲ್ಲಿ ಒಂದೆರಡು ಎಳೆ ಇದ್ದರೆ ಚಿತ್ರದಲ್ಲಿ ಏನೂ ಕಾಣಲ್ಲ. ನಡುವಿಗೆ ಹಬ್ಬಿದ್ದರೆ ಲೆನ್ಸ್ ಬಿಚ್ಚಿ ಶುಚಿ ಮಾಡುವವರಿಗೆ ಬೇಗ ಕೊಡಿ, ಯಾಕೆಂದರೆ ಬೂಸ್ಟು ತುಂಬಾ ದಿನ ಕೂತರೆ ಗಾಜಿನ ಮೇಲಿನ ಲೇಪವನ್ನೇ ತಿನ್ನುತ್ತದೆ, ಆಮೇಲೆ ಒರೆಸಿದರೂ ಕಲೆ ಹೋಗಲ್ಲ. ಮುಂದಕ್ಕೆ ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ಒಳಗೆ ಸಿಲಿಕಾ ಜೆಲ್, ಹತ್ತಿಪ್ಪತ್ತು ರೂಪಾಯಿ ಜಾಸ್ತಿ ಆದರೂ ಬಣ್ಣ ಬದಲಾಯಿಸುವ ಜಾತಿಯದೇ ತಗೊಳ್ಳಿ. ಬಣ್ಣ ತಿರುಗಿದರೆ ಬಿಸಿ ಮಾಡಿ ಮತ್ತೆ ಬಳಸಬಹುದು. ತೇವ ಶೇಕಡಾ 40ರಿಂದ 50ರೊಳಗೆ ಇದ್ದರೆ ಸಾಕು.

ಪ್ರಶ್ನೆ: ಚಿಕ್ಕಪೇಟೆಯ ಸಂಡೇ ಬಜಾರಿನಲ್ಲಿ ಹೆಲಿಯೋಸ್ 44-2 ಲೆನ್ಸ್ ಸಿಕ್ಕಿತು. ಅಡಾಪ್ಟರ್ ಹಾಕಿ ನನ್ನ ನಿಕಾನ್ ಡಿಎಸ್‌ಎಲ್‌ಆರ್‌ಗೆ ಕೂರಿಸಿದರೆ ದೂರದ್ದು ಯಾವುದೂ ಸ್ಪಷ್ಟ ಆಗಲ್ಲ. ಒಂದು ರಿಂಗ್ ಬೇರೆ ಟಕ್ ಟಕ್ ಅನ್ನದೆ ಸುಮ್ನೆ ತಿರುಗುತ್ತದೆ. ಕೆಟ್ಟಿದೆಯಾ? (ಬೆಂಗಳೂರಿನ ಓದುಗರು)

ಉತ್ತರ: ಏನೂ ಕೆಟ್ಟಿಲ್ಲ. ಅದಕ್ಕೆ ಅಪರ್ಚರಿನ, ಅಂದರೆ ಬೆಳಕು ಒಳಬರುವ ಕಿಂಡಿಯ, ರಿಂಗ್ ಎರಡು. ಒಂದರಲ್ಲಿ ಎಷ್ಟಕ್ಕೆ ನಿಲ್ಲಬೇಕು ಅಂತ ಗೊತ್ತು ಮಾಡಿಡುವುದು, ಇನ್ನೊಂದರಲ್ಲಿ ಪೂರ್ತಿ ತೆರೆದು ಫೋಕಸ್ ಮಾಡಿ, ಫೋಟೋ ಹೊಡೆಯುವ ಮುಂಚೆ ತಿರುಗಿಸಿ ಮುಚ್ಚುವುದು. ಹಾಗೆ ಸಲೀಸಾಗಿ ತಿರುಗಬೇಕಾದ್ದೇ.

ದೂರದ್ದು ಸ್ಪಷ್ಟ ಆಗದಿರುವುದು ಲೆಕ್ಕಾಚಾರದ ತೊಂದರೆ. ನಿಮ್ಮದು ಎಂ42 ಅನ್ನುವ ತಿರುಪಿನ ಮೌಂಟಿನ (ಕ್ಯಾಮೆರಾಕ್ಕೆ ಕೂರುವ ಬಾಯಿಯ) ಲೆನ್ಸ್, ಅದು ಫಿಲ್ಮ್ ಅಥವಾ ಸೆನ್ಸರಿನಿಂದ 45.46 ಮಿಮೀ ದೂರದಲ್ಲಿ ಕೂರಬೇಕು. ನಿಕಾನ್ ಎಫ್ ಮೌಂಟಿನ ದೂರವೇ 46.5. ಅಂದರೆ ಅಡಾಪ್ಟರ್ ಹಾಕುವ ಮುಂಚೆಯೇ ಒಂದು ಮಿಲಿಮೀಟರ್ ಆಚೆ ಹೋಗಿ ಕೂತಿದೆ. ಕ್ಯಾನನ್ ಇಎಫ್‌ನದು 44, ಅಲ್ಲಿ ಅಡಾಪ್ಟರಿಗೆ ಜಾಗ ಸಿಗುತ್ತದೆ. ಒಳಗೆ ಕನ್ನಡಿ ಇಲ್ಲದ ಮಿರರ್‌ಲೆಸ್ ಕ್ಯಾಮೆರಾ ಆದರೆ ಆ ದೂರ ಇನ್ನೂ ಕಡಿಮೆ, ಚಿಂತೆಯೇ ಇಲ್ಲ. ನಡುವೆ ಗಾಜಿರುವ ನಿಕಾನ್ ಅಡಾಪ್ಟರ್ ಸಿಗುತ್ತದೆ, ನನಗಂತೂ ಅದು ಇಷ್ಟವಿಲ್ಲ, ಒಳ್ಳೆಯ ಲೆನ್ಸಿಗೆ ಕೆಟ್ಟ ಕನ್ನಡಕ ಹಾಕಿದ ಹಾಗೆ.

ಸೀರಿಯಲ್ ನಂಬರಿನ ಮೊದಲೆರಡು ಅಂಕಿ ನೋಡಿ. 78 ಅಂತ ಶುರುವಾಗಿದ್ದರೆ ಸಾಮಾನ್ಯವಾಗಿ 1978ರಲ್ಲಿ ತಯಾರಾದದ್ದು. ಜೈಸ್ ಕಂಪನಿಯ ಬಯೋಟಾರ್ ಲೆನ್ಸಿನ ವಿನ್ಯಾಸವೇ ಇದರ ಮೂಲ. ಅಪರ್ಚರ್ ಪೂರ್ತಿ ತೆರೆದು ಎಫ್ 2ರಲ್ಲಿಟ್ಟು, ಹಿಂದೆ ಗಿಡಮರದ ಎಲೆಗಳಿರುವಂತೆ ಯಾರನ್ನಾದರೂ ಹತ್ತಿರ ನಿಲ್ಲಿಸಿ ತೆಗೆಯಿರಿ, ಹಿನ್ನೆಲೆ ಸುಳಿಯ ಹಾಗೆ ಸುತ್ತುತ್ತದೆ. ಜನ ಇದನ್ನು ಹುಡುಕಿಕೊಂಡು ಹೋಗುವುದೇ ಅದಕ್ಕೆ.

ಪ್ರಶ್ನೆ: ಮಾವನವರು ಕೊಟ್ಟ ನಿಕ್ಕೋರ್-ಎಸ್ 50 ಎಂಎಂ ಎಫ್ 1.4 ಲೆನ್ಸಿನಲ್ಲಿ ಆ 'ಎಸ್' ಯಾಕಿದೆ? ನನ್ನ ನಿಕಾನ್ ಎಫ್‌ಎಂ2 ಕ್ಯಾಮೆರಾಕ್ಕೆ ಹಾಕಬಹುದಾ? (ಶಿವಮೊಗ್ಗದ ಓದುಗರು)

ಉತ್ತರ: ಎಸ್ ಅಂದರೆ ಸೆಪ್ಟೆಮ್, ಲ್ಯಾಟಿನ್ನಿನಲ್ಲಿ ಏಳು. ಒಳಗೆ ಏಳು ಗಾಜು ಅಂತ ಅರ್ಥ. ಎಚ್ ಇದ್ದರೆ ಆರು, ಪಿ ಇದ್ದರೆ ಐದು, ಕ್ಯೂ ಇದ್ದರೆ ನಾಲ್ಕು. ಹಾಕುವ ಮುಂಚೆ ಅಪರ್ಚರ್ ರಿಂಗ್ ನೋಡಿ. ದೊಡ್ಡ ಅಂಕಿಗಳ ಜೊತೆಗೆ ಸಣ್ಣ ಅಂಕಿಗಳ ಇನ್ನೊಂದು ಸಾಲು ಇಲ್ಲದಿದ್ದರೆ ಅದು 1977ಕ್ಕೆ ಮುಂಚಿನ, ಎಐ (ಅಪರ್ಚರ್ ಎಷ್ಟಕ್ಕಿದೆ ಅಂತ ಕ್ಯಾಮೆರಾಕ್ಕೆ ತಾನೇ ತಿಳಿಸುವ ನಿಕಾನ್ ಏರ್ಪಾಡು) ಅಲ್ಲದ ಲೆನ್ಸ್. ಅದನ್ನು ಎಫ್‌ಎಂ2ಗೆ ಒತ್ತಿ ಕೂರಿಸಿದರೆ ಕ್ಯಾಮೆರಾದ ಪುಟ್ಟ ಕೊಂಡಿ ಮುರಿಯಬಹುದು. ಹಳೆಯ ಎಫ್‌ಎಂನಲ್ಲಿ ಆ ಕೊಂಡಿಯನ್ನು ಮೇಲೆ ಮಡಚಲು ಬರುತ್ತದೆ, ಎಫ್‌ಎಂ2ನಲ್ಲಿ ಬರಲ್ಲ. ನಿಕಾನಿನ ಅಗ್ಗದ ಡಿಜಿಟಲ್ ಡಿ40ಯಲ್ಲಿ ಕೊಂಡಿಯೇ ಇಲ್ಲ, ಅದಕ್ಕೆ ಆರಾಮಾಗಿ ಹಾಕಬಹುದು!

ಪ್ರಶ್ನೆ: ಯಾಶಿಕಾ ಎಲೆಕ್ಟ್ರೋ 35 ನೋಡಲು ಹೋಗುತ್ತಿದ್ದೇನೆ. ಏನು ಪರೀಕ್ಷೆ ಮಾಡಲಿ? (ಮೈಸೂರಿನ ಓದುಗರು)

ಉತ್ತರ: ನಾನು ಮೋಸ ಹೋಗಿದ್ದೇ ಅದರಲ್ಲಿ. ಹೊಳೆಯುವ ಮೈ ನೋಡಿ ಮರುಳಾಗಿ, ಒಂದು ಸಲವೂ ಫಿಲ್ಮ್ ಮುಂದಕ್ಕೆ ಸುತ್ತುವ ಲಿವರ್ ಎಳೆಯದೆ ದುಡ್ಡು ಕೊಟ್ಟೆ. ಎಳೆದಾಗ ಒಳಗಿಂದ 'ಟಕ್' ಅಂತ ಗಟ್ಟಿ ಸದ್ದು ಬರಬೇಕು. ನನ್ನದು ಮೌನ. ಒಳಗಿನ ಒಂದು ಚೂರು ರಬ್ಬರ್ ಪುಡಿಯಾದರೆ ಹೀಗಾಗುತ್ತದೆ, ಆಮೇಲೆ ಬೆಳಕಿನ ಲೆಕ್ಕವೆಲ್ಲ ತಪ್ಪು. ಸದ್ದು ಕೇಳಿಸಿಕೊಂಡ ಮೇಲೆ ಬ್ಯಾಟರಿ ಗೂಡು ಬಿಚ್ಚಿ ಹಸಿರು ಕಿಲುಬು ಇದೆಯಾ ನೋಡಿ. ಇದಕ್ಕೆ ಬೇಕಾದ ಮೂಲ 5.6 ವೋಲ್ಟಿನ ಪಾದರಸದ ಬ್ಯಾಟರಿ ಈಗ ಇಲ್ಲ, 6 ವೋಲ್ಟಿನದಕ್ಕೆ ಅಡಾಪ್ಟರ್ ಬೇಕಾಗುತ್ತದೆ. ಹಿಂದಿನ ಬಾಗಿಲ ಅಂಚಿನ ಕಪ್ಪು ಸ್ಪಂಜು ಬೆರಳಿಗೆ ಅಂಟಿದರೆ ಹೆದರಬೇಡಿ, ಅದನ್ನು ಮನೆಯಲ್ಲೇ ಬದಲಾಯಿಸಬಹುದು, ಅದನ್ನೇ ತೋರಿಸಿ ಬೆಲೆಯನ್ನೂ ಇಳಿಸಬಹುದು. ಜೇಬಿನಲ್ಲಿ ಸಣ್ಣ ಟಾರ್ಚ್ ಇಟ್ಟುಕೊಂಡು ಹೋಗಿ.