ಅಭ್ಯಾಸದ ರೆಕಾರ್ಡಿಂಗ್: ಮೈಕ್‌ಗಿಂತ ಮೊದಲು ಆಟೋ ಲೆವೆಲ್ ನೋಡಿ

ಹಾಡು, ಪಿಟೀಲು, ಮೃದಂಗದ ಅಭ್ಯಾಸವನ್ನು ಫೋನಿನಲ್ಲಿ ಹಿಡಿದರೆ ಮೃದಂಗದ ಪ್ರತಿ ಪೆಟ್ಟಿಗೂ ಹಾಡು ಕುಗ್ಗುತ್ತದೆ, ಕಾಲರ್ ಮೈಕ್ ಕೊಳ್ಳಲೇ ಎಂದು ಕೇಳಿದ್ದೀರಿ. ದಯವಿಟ್ಟು ಬೇಡ. ಜೋರು ಸದ್ದು ಬಂದಾಗೆಲ್ಲ ಫೋನು ತಾನಾಗೇ ರೆಕಾರ್ಡಿಂಗ್ ಮಟ್ಟ ಇಳಿಸುತ್ತದೆ, ಇದೇ ಆಟೋ ಲೆವೆಲ್; ಮೈಕ್ ಬದಲಿಸಿದರೂ ಆ ಕಾಟ ತಪ್ಪುವುದಿಲ್ಲ.

ಬಸವನಗುಡಿಯ ನಿಮ್ಮ ಹತ್ತಡಿ ಕೋಣೆಗೆ ಜೂಮ್ ಎಚ್1ಎನ್ ಥರದ ಪುಟ್ಟ ಸ್ಟೀರಿಯೊ ರೆಕಾರ್ಡರ್ ಸಾಕು. ಎರಡು ಎಎಎ ಸೆಲ್ ಹಾಕಿದರೆ ನಡೆಯುತ್ತದೆ. ಸೆಕೆಂಡ್‌ಹ್ಯಾಂಡ್ ಆದರೆ ಹೆಡ್‌ಫೋನ್ ಹಾಕಿ ಎಡ, ಬಲ ಎರಡೂ ಚಾನೆಲ್ ಕೇಳಿಯೇ ದುಡ್ಡು ಕೊಡಿ. ಆಟೋ ಲೆವೆಲ್ ಆಫ್ ಮಾಡಿ, 48 ಕಿಲೋಹರ್ಟ್ಸ್, 24 ಬಿಟ್ ವೇವ್ (WAV) ಫೈಲ್ ಆಯ್ಕೆ ಇಡಿ. ಗಂಟೆಗೆ ಸುಮಾರು 1 ಜಿಬಿ ಆಗುತ್ತದೆ. ತನಿಯ (ಮೃದಂಗ ಒಂಟಿಯಾಗಿ ನುಡಿಸುವ ಭಾಗ) ಕೊನೆಯಲ್ಲಿ ಬರುವ ಮೋಹರ, ಕೋರ್ವೆ ಎಂಬ ಜೋರು ಮುಕ್ತಾಯದ ನುಡಿಕೆಗಳನ್ನು ನುಡಿಸಲು ಹೇಳಿ, ಆಗ ಮೀಟರ್ ಮೈನಸ್ 12 ಡೆಸಿಬೆಲ್ ದಾಟದಂತೆ ಗೇನ್ (ಸದ್ದು ಹಿಡಿಯುವ ಮಟ್ಟ) ಹೊಂದಿಸಿ.

ಇಡುವ ಜಾಗದ್ದೇ ಅರ್ಧ ಕೆಲಸ. ಗಾಯಕರ ಎದುರು ಐದಡಿ ದೂರದಲ್ಲಿ, ಕೂತವರ ಬಾಯಿಯ ಎತ್ತರಕ್ಕೆ, ಟ್ರೈಪಾಡ್ ಮೇಲಿರಲಿ. ನೆಲದ ಮೇಲಿಟ್ಟರೆ ಓಡಾಟದ ಅದುರು ದಡ್ ದಡ್ ಎಂದು ಸೇರಿಕೊಳ್ಳುತ್ತದೆ. ಮೃದಂಗದ ಬಲಮುಚ್ಚಿಗೆ (ಬಲಗೈಯಿಂದ ಬಾರಿಸುವ ಚರ್ಮದ ಮುಖ) ನೇರ ರೆಕಾರ್ಡರಿನತ್ತಲೇ ಇರುವುದರಿಂದ ಆ ಕಲಾವಿದರನ್ನು ಎರಡಡಿ ಹಿಂದಕ್ಕೆ ಕೂರಿಸಿ. ಫ್ಯಾನಿನ ಗುಂಯ್ ಸದ್ದಿಗೆಂದು ಲೋ ಕಟ್ (ತಗ್ಗು ಸ್ವರದ ಸದ್ದನ್ನು ಕತ್ತರಿಸುವ ಗುಂಡಿ) ಒತ್ತಬೇಡಿ, ಎಡಮುಚ್ಚಿಗೆಯ ತುಂಬು ನಾದವೂ ಸೊರಗುತ್ತದೆ. ಫ್ಯಾನನ್ನೇ ಆರಿಸಿ, ರಸ್ತೆ ಕಡೆಯ ಕಿಟಕಿ ಮುಚ್ಚಿ.